ಹೊಸ ಆಲ್ಬಂ, ಮೊದಲ ಕೇಳುಗ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಸಂಗೀತದ ದತ್ತಿ ಉಪನ್ಯಾಸವೆಂದರೆ ಒಬ್ಬ ಮಹನೀಯರ ಸಾಧನೆ, ಒಂದು ಘರಾಣೆಯ ಇತಿಹಾಸ, ಇಲ್ಲವೇ ಒಂದು ರಾಗದ ಲಕ್ಷಣ ಎಂಬುದು ರೂಢಿ. ಹಾಡುವವರ ಬಗ್ಗೆ ಆಡಬೇಕಾದ ಮಾತು ಬೇಕಾದಷ್ಟಿದೆ, ಅದನ್ನು ಬಲ್ಲವರೂ ಈ ವೇದಿಕೆಗೆ ಬಂದು ಹೋಗಿದ್ದಾರೆ. ನಾನು ಇವತ್ತು ಕೇಳುವವರ ಬಗ್ಗೆ ಮಾತಾಡುತ್ತೇನೆ. ಅದರಲ್ಲೂ ನಿನ್ನೆಯೋ ಮೊನ್ನೆಯೋ ಬಿಡುಗಡೆಯಾದ, ಇನ್ನೂ ಯಾರೂ ಹೊಗಳದ, ಯಾರೂ ತೆಗಳದ ಒಂದು ಆಲ್ಬಂ ಮುಂದೆ ಕೂತ ಕೇಳುಗನ ಬಗ್ಗೆ. ಅವನ ಸಂಭ್ರಮ ಎಲ್ಲಿಂದ ಬರುತ್ತದೆ, ಅದು ಸಂಗೀತಕ್ಕೆ ಏನು ಮಾಡುತ್ತದೆ ಎಂಬುದು ನನ್ನ ವಿಷಯ.

ಶುಕ್ರವಾರ ಎಂದರೆ ನಮಗೆ ಸಿನಿಮಾ. ಗಾಂಧಿನಗರದಲ್ಲಿ ವಾರ ಶುರುವಾಗುವುದೇ ಅವತ್ತು. 2015ರ ಜುಲೈ 10ರಿಂದ ಜಗತ್ತಿನ ಸಂಗೀತಕ್ಕೂ ಅದೇ ದಿನ ಬಂತು. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ಹೊಸ ಆಲ್ಬಂಗಳು ಸೋಮವಾರ ಬರುತ್ತಿದ್ದವು, ಅಮೆರಿಕದಲ್ಲಿ ಮಂಗಳವಾರ, ಜರ್ಮನಿ ಮತ್ತು ಆಸ್ಟ್ರೇಲಿಯಾದಲ್ಲಿ ಶುಕ್ರವಾರ. ಡಿಸ್ಕುಗಳು ಲಾರಿ, ಹಡಗುಗಳಲ್ಲಿ ಹೋಗುತ್ತಿದ್ದ ಕಾಲಕ್ಕೆ ಈ ವ್ಯತ್ಯಾಸದಿಂದ ತೊಂದರೆ ಇರಲಿಲ್ಲ. ಇಂಟರ್ನೆಟ್ ಬಂದ ಮೇಲೆ ಒಂದು ದೇಶದಲ್ಲಿ ಬಂದದ್ದರ ಕದ್ದ ಪ್ರತಿ ಇನ್ನೊಂದು ದೇಶದ ಅಂಗಡಿ ತೆರೆಯುವ ಮೊದಲೇ ಅಲ್ಲಿಗೆ ತಲುಪತೊಡಗಿತು. ಅದಕ್ಕೆ ಧ್ವನಿಮುದ್ರಣ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಎಲ್ಲರಿಗೂ ಒಂದೇ ದಿನ ಗೊತ್ತು ಮಾಡಿತು. ಈಗ ಗುರುವಾರದ ರಾತ್ರಿ ಹನ್ನೆರಡು ಹೊಡೆಯುವ ಹೊತ್ತಿಗೆ ಬಸವನಗುಡಿಯ ಒಂದು ಕೋಣೆಯಲ್ಲಿ ಕೂತ ಹುಡುಗಿಯ ಫೋನಿಗೆ ಮಾಲಿ ದೇಶದ ಕೋರಾ ವಾದನ, ನಾರ್ವೆಯ ಜಾಝ್, ಚೆನ್ನೈನ ವೀಣೆ, ಕೊರಿಯಾದ ಪಾಪ್, ಹುಬ್ಬಳ್ಳಿಯ ರ‍್ಯಾಪ್ ಎಲ್ಲವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಮನುಷ್ಯನ ಕಿವಿಗೆ ಇಂಥ ಸಮೃದ್ಧಿ ಹಿಂದೆಂದೂ ಸಿಕ್ಕಿರಲಿಲ್ಲ. ಆ ಹುಡುಗಿ ಅದರಲ್ಲಿ ಯಾವುದನ್ನು ಕೇಳುತ್ತಾಳೆ, ಹೇಗೆ ಕೇಳುತ್ತಾಳೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಧ್ವನಿಯನ್ನು ಮುದ್ರಿಸಿಕೊಂಡರು. ತುತ್ತೂರಿಯಾಕಾರದ ಕೊಳವೆಯೊಳಗೆ ಮುಖವಿಟ್ಟು ಹಾಡಬೇಕು, ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕು, ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಬೇಕು. ಆ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಭಾರತದ ಧ್ವನಿಮುದ್ರಣ ಚರಿತ್ರೆಯ ಮೊದಲ ತಾರೆ ನಮ್ಮ ನೆಲದಲ್ಲಿ ಕಣ್ಣು ಮುಚ್ಚಿದರು ಎಂಬುದನ್ನು ನಾವು ಇನ್ನಷ್ಟು ನೆನೆಯಬೇಕಿತ್ತು.

ಆದರೆ ನನ್ನ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಇನ್ನೊಂದು ಡಿಸ್ಕು. 1930ರ ದಶಕದಲ್ಲಿ ಎಚ್‌ಎಂವಿ ಹುಬ್ಬಳ್ಳಿಯ ಒಬ್ಬ ತರುಣಿಯ ಹಾಡುಗಳನ್ನು 78 ಆರ್‌ಪಿಎಂ ಡಿಸ್ಕುಗಳಲ್ಲಿ ತಂದಿತು. ಅದರ ಮೇಲೆ ಅಚ್ಚಾದ ಹೆಸರು ಗಾಂಧಾರಿ. ಅವರೇ ಮುಂದೆ ಗಂಗೂಬಾಯಿ ಹಾನಗಲ್ ಆದರು. ಆ ಡಿಸ್ಕನ್ನು ಅಂದು ಕೊಂಡವರನ್ನು ನೆನೆಸಿಕೊಳ್ಳಿ. ಅವರ ಮುಂದೆ ಪದ್ಮವಿಭೂಷಣ ಇಲ್ಲ, ಕಿರಾನಾ ಘರಾಣೆಯ ಮೇರುಗಾಯಕಿ ಎಂಬ ಮಾತಿಲ್ಲ, ನಾವು ಇಂದು ಆ ಧ್ವನಿಗೆ ಕೈಮುಗಿಯುವ ಮೊದಲೇ ಬರುವ ಭಕ್ತಿ ಇಲ್ಲ. ಸೂಜಿ ಇಟ್ಟರು, ಒಂದು ಧ್ವನಿ ಬಂತು. ಚೆನ್ನಾಗಿದೆಯೋ ಇಲ್ಲವೋ ಎಂದು ಅವರೇ ತೀರ್ಮಾನ ಮಾಡಬೇಕಿತ್ತು. ಮಾಡಿದರು. ಪಕ್ಕದ ಮನೆಯವರನ್ನು ಕರೆದು ಕೇಳಿಸಿದರು. ಗಾಯಕಿಯ ಹೆಸರು ಊರೂರಿಗೆ ಹಬ್ಬುವುದು ಹೀಗೆಯೇ.

ಹೊಸ ಆಲ್ಬಂ ಮುಂದೆ ಕೇಳುಗ ಒಂಟಿ. ಅವನ ಸಹಾಯಕ್ಕೆ ಯಾರ ಅಭಿಪ್ರಾಯವೂ ಇಲ್ಲ. ಹಳೆಯ ಸಂಗೀತವನ್ನು ನಾವು ಎಷ್ಟೋ ಜನರ ಕಿವಿಗಳ ಮೂಲಕ ಕೇಳುತ್ತೇವೆ. ಗುರುಗಳು ಹೇಳಿದ್ದು, ಅಪ್ಪ ಗುನುಗಿದ್ದು, ಪತ್ರಿಕೆಯಲ್ಲಿ ಓದಿದ್ದು ಎಲ್ಲ ಸೇರಿ ನಮ್ಮ ಪರವಾಗಿ ಅರ್ಧ ಕೇಳಿಬಿಟ್ಟಿರುತ್ತವೆ. ಹೊಸತರಲ್ಲಿ ಅದಿಲ್ಲ. ಆ ಒಂಟಿತನದಲ್ಲಿ ನಮ್ಮ ಕಿವಿ ಎಂಥದು ಎಂದು ನಮಗೇ ಗೊತ್ತಾಗುತ್ತದೆ. ರೋಮಾಂಚನದ ಬೇರು ಅಲ್ಲಿದೆ ಎಂದು ನಾನು ಬಲವಾಗಿ ನಂಬಿದ್ದೇನೆ.

ನನ್ನ ತಲೆಮಾರಿಗೆ ಇದರ ಪಾಠವಾದದ್ದು ಕ್ಯಾಸೆಟ್ಟಿನಲ್ಲಿ. 1978ರಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿ ಬಂತು. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ. ಕನ್ನಡ ಭಾವಗೀತೆ ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಹೋಗುವ ಯುಗ ಅಲ್ಲಿಂದ ಶುರುವಾಯಿತು. ಆಮೇಲೆ ಸಿ. ಅಶ್ವತ್ಥರು ಶರೀಫಜ್ಜನನ್ನು, ನರಸಿಂಹಸ್ವಾಮಿಯವರ ಮಲ್ಲಿಗೆಯನ್ನು ತಂದರು. ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್, ಬಿ.ಆರ್. ಛಾಯಾ, ಒಬ್ಬೊಬ್ಬರ ಹೊಸ ಕ್ಯಾಸೆಟ್ ಬಂದಾಗಲೂ ಅಂಗಡಿಯವನು ಗಾಜಿನ ಮೇಲೆ ಅದರ ಕವರ್ ಅಂಟಿಸುತ್ತಿದ್ದ. ಸಂಜೆ ಆ ದಾರಿಯಲ್ಲಿ ಹೋಗುವಾಗ ಸ್ಪೀಕರಿನಿಂದ ಬರುತ್ತಿದ್ದ ಹಾಡು ಕೇಳಿ ನಿಂತು, 'ಇದು ಯಾವುದು, ಹೊಸದಾ?' ಎಂದು ವಿಚಾರಿಸದವರು ಕಡಿಮೆ.

ಕ್ಯಾಸೆಟ್ಟಿನ ಡಬ್ಬಿಯೊಳಗಿನ ಆ ಮಡಿಚಿದ ಕಾಗದವನ್ನು ನೀವು ಮರೆತಿರಲಾರಿರಿ. ಮುಂದೆ ಕವಿಯ ಭಾವಚಿತ್ರವೋ ಹೊಲದ ನಡುವಿನ ಸೂರ್ಯನೋ. ಒಳಮಡಿಕೆಯಲ್ಲಿ ಎ ಬದಿ, ಬಿ ಬದಿ. ಹಾಡಿನ ಮೊದಲ ಸಾಲು, ಅದರೆದುರಿಗೆ ಗಾಯಕರ ಹೆಸರು. ಕೆಳಗೆ ಸಣ್ಣಕ್ಷರದಲ್ಲಿ ಕೊಳಲು ಯಾರು, ತಬಲಾ ಯಾರು, ಮುದ್ರಣ ಎಲ್ಲಿ. ಆ ಸಣ್ಣಕ್ಷರವನ್ನು ಓದುವುದೇ ಒಂದು ವಿದ್ಯೆ. ಈ ಕ್ಯಾಸೆಟ್ಟಿನ ಕೊಳಲು ಆ ಕ್ಯಾಸೆಟ್ಟಿನಲ್ಲೂ ಇದೆಯಲ್ಲ ಎಂದು ಗೊತ್ತಾದಾಗ ನಾವು ಗಾಯಕರಿಂದ ವಾದಕರ ಕಡೆಗೆ, ವಾದಕರಿಂದ ಕಚೇರಿಯ ಕಡೆಗೆ ಹೋದೆವು. ಭಾವಗೀತೆ ಕೇಳುತ್ತಿದ್ದ ಹುಡುಗ ಹಿಂದುಸ್ತಾನಿ ಬನ್ಸುರಿ ಕೇಳಲು ಶುರು ಮಾಡಿದ್ದು ಹಲವರ ಮನೆಯಲ್ಲಿ ನಡೆದ ಕತೆ. ಪ್ರಕಾರಗಳ ನಡುವಿನ ಬಾಗಿಲು ಆ ಪುಟ್ಟ ಕಾಗದದಲ್ಲಿತ್ತು. ಇಂದಿನ ಆ್ಯಪ್‌ಗಳಲ್ಲಿ ಹಾಡಿನ ಹಿಂದೆ ದುಡಿದವರ ಹೆಸರು ಹುಡುಕಬೇಕಾದರೆ ಎಲ್ಲೆಲ್ಲೋ ಒತ್ತಬೇಕು, ಎಷ್ಟೋ ಸಲ ಸಿಗುವುದೂ ಇಲ್ಲ. ಇದು ನಾವು ಕಳೆದುಕೊಂಡ ದೊಡ್ಡ ವಸ್ತು.

ಸಿನಿಮಾ ಹಾಡುಗಳ ಕ್ಯಾಸೆಟ್ಟಿನ ಸಂಭ್ರಮ ಬೇರೆಯದೇ ಲೋಕ. 1987ರಲ್ಲಿ 'ಪ್ರೇಮಲೋಕ' ಬಂದಾಗ ಹಂಸಲೇಖರು ಮಾತನ್ನೇ ಹಾಡಾಗಿಸಿದ್ದರು. ಚಿತ್ರ ನೋಡದವರೂ ಲಹರಿಯ ಆ ಕ್ಯಾಸೆಟ್ ಹಾಕಿಕೊಂಡು ಕತೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿಬಿಡುತ್ತಿದ್ದರು. ಅದರ ಬಗ್ಗೆ ಬೇರೆಯವರು ಚೆನ್ನಾಗಿ ಬರೆದಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಮೊದಲಿಂದ ಕೊನೆಯವರೆಗೆ ಎಂದೆ. ಇದು ಮುಖ್ಯ. 1967ರಲ್ಲಿ ಎಚ್‌ಎಂವಿ 'ಕಾಲ್ ಆಫ್ ದಿ ವ್ಯಾಲಿ' ಎಂಬ ಲಾಂಗ್‌ಪ್ಲೇ ತಂದಿತು. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ ಚೌರಾಸಿಯಾರ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್. ಮೂವರೂ ಆಗ ತರುಣರು. ಸಂತೂರ್ ಶಾಸ್ತ್ರೀಯ ವೇದಿಕೆಗೆ ಒಗ್ಗೀತೇ ಎಂಬ ಅನುಮಾನ ಆಗಿನ್ನೂ ಹೋಗಿರಲಿಲ್ಲ, ಗಿಟಾರಿನ ಮಾತಂತೂ ಬಿಡಿ. ಕಾಶ್ಮೀರದ ಒಬ್ಬ ಕುರಿಗಾಹಿಯ ಒಂದು ದಿನ ಆ ಆಲ್ಬಂನ ವಸ್ತು. ಬೆಳಗಿನ ಅಹೀರ್ ಭೈರವದಿಂದ ಶುರುವಾಗಿ, ಹೊತ್ತೇರಿದ ಹಾಗೆ ರಾಗಗಳು ಬದಲಾಗುತ್ತ, ಸಂಜೆ ದಾಟಿ ರಾತ್ರಿಗೆ ಬಂದು ಪಹಾಡಿಯಲ್ಲಿ ನಿಲ್ಲುತ್ತದೆ. ಇದನ್ನು ಹಿಂದುಮುಂದು ಮಾಡಿ ಕೇಳಿದರೆ ಕುರಿಗಾಹಿ ಮನೆಗೆ ಬಂದ ಮೇಲೆ ಸೂರ್ಯ ಹುಟ್ಟುತ್ತಾನೆ. ಕಲಾವಿದರು ಜೋಡಿಸಿದ ಅನುಕ್ರಮವೂ ಸಂಗೀತದ ಒಂದು ಭಾಗ. 2021ರ ನವೆಂಬರಿನಲ್ಲಿ ಅಡೆಲ್ ತಮ್ಮ '30' ಎಂಬ ಆಲ್ಬಂ ತಂದಾಗ ಇದನ್ನೇ ಪಟ್ಟು ಹಿಡಿದು ಕೇಳಿದರು. ಆಲ್ಬಂ ಪುಟದ ದೊಡ್ಡ ಗುಂಡಿ ಒತ್ತಿದರೆ ಹಾಡುಗಳು ಕಲಸಿಹೋಗುತ್ತಿದ್ದ ವ್ಯವಸ್ಥೆಯನ್ನು ಸ್ಪಾಟಿಫೈ ಆಗ ಬದಲಿಸಿತು. ಲಂಡನ್ನಿನ ಪಾಪ್ ಗಾಯಕಿಗೂ ನಮ್ಮ ಸಂತೂರ್ ವಾದಕರಿಗೂ ಈ ಒಂದು ವಿಷಯದಲ್ಲಿ ಒಂದೇ ಧರ್ಮ.

ಮುಂಚಿತ ಪ್ರಚಾರ ಎಷ್ಟು ಕಡಿಮೆಯೋ ಮೊದಲ ಕೇಳುವಿಕೆ ಅಷ್ಟು ಶುದ್ಧ. 2013ರ ಡಿಸೆಂಬರ್ 13ರಂದು ಅಮೆರಿಕದ ಗಾಯಕಿ ಬಿಯಾನ್ಸೆ ಒಂದು ಮಾತೂ ಆಡದೆ 14 ಹಾಡುಗಳನ್ನು, 17 ವಿಡಿಯೊಗಳನ್ನು ಒಟ್ಟಿಗೆ ಬಿಡುಗಡೆ ಮಾಡಿದರು. ವಿಮರ್ಶಕರಿಗೆ ಮೊದಲೇ ಪ್ರತಿ ಹೋಗಿರಲಿಲ್ಲ. ಅವತ್ತು ನ್ಯೂಯಾರ್ಕಿನ ಪತ್ರಿಕೆಯ ಅಂಕಣಕಾರನೂ ಹಾಸ್ಟೆಲಿನ ಹುಡುಗಿಯೂ ಒಂದೇ ಸಾಲಿನಲ್ಲಿ ಕೂತು ಕೇಳಿದರು.

ಈಗ ನನಗೆ ಬಹಳ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಇದು ಬಂಟ್ವಾಳದ ಸಜಿಪಮೂಡದಿಂದ ಶುರುವಾಗಿ ಅಮೆರಿಕದ ಬಾಸ್ಟನ್ ಮುಟ್ಟಿ ಮತ್ತೆ ನಮ್ಮ ಕರಾವಳಿಗೆ ಹಿಂತಿರುಗುತ್ತದೆ.

ಸಜಿಪಮೂಡದ ಕದ್ರಿ ಗೋಪಾಲನಾಥರು ನಾಗಸ್ವರ ನುಡಿಸುವವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ನಾದಕ್ಕೆ ಮಾರುಹೋದರು. ಆ ವಾದ್ಯದ ಕೀಲಿಗಳು ಪಾಶ್ಚಾತ್ಯ ಸ್ವರಗಳಿಗೆಂದು ಮಾಡಿದವು. ಒಂದು ಕೀಲಿ ಒತ್ತಿದರೆ ಒಂದು ಸ್ವರ, ಇನ್ನೊಂದಕ್ಕೆ ಇನ್ನೊಂದು. ಗಮಕ ಇರುವುದು ಅವೆರಡರ ನಡುವಿನ ಜಾಗದಲ್ಲಿ. ಆ ಜಾಗವನ್ನು ಉಸಿರಿನಿಂದ, ತುಟಿಯ ಹಿಡಿತದಿಂದ, ವಾದ್ಯದಲ್ಲೇ ಮಾಡಿಕೊಂಡ ಮಾರ್ಪಾಡುಗಳಿಂದ ಅವರು ತುಂಬಿದರು. ವರ್ಷಗಟ್ಟಲೆ ಮಾಡಿದ ತಪಸ್ಸು ಅದು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರಾಮ್ಸ್‌ಗೆ ಕರ್ನಾಟಕ ಸಂಗೀತದ ಮೊದಲ ಕಲಾವಿದರಾಗಿ ಹೋದರು. ಅವರ ಆಲ್ಬಂಗಳಲ್ಲಿ ಒಂದರ ಹೆಸರು 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್'.

ಅತ್ತ ರುದ್ರೇಶ್ ಮಹಾಂತಪ್ಪ ಎಂಬ ತರುಣ. ಹುಟ್ಟಿದ್ದು ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ತಂದೆ ನಮ್ಮ ಕಡೆಯಿಂದ ಹೋದ ಭೌತವಿಜ್ಞಾನಿ. ಹುಡುಗ ಕಲಿತದ್ದು ಜಾಝ್, ಹಿಡಿದದ್ದು ಆಲ್ಟೊ ಸ್ಯಾಕ್ಸೋಫೋನ್. ಬಾಸ್ಟನ್ನಿನ ಬರ್ಕ್ಲೀ ಕಾಲೇಜಿನಲ್ಲಿ ಓದುವ ಕಾಲಕ್ಕೆ ಅಣ್ಣ ತಮಾಷೆಗೆಂದು ಆ 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್' ಆಲ್ಬಂ ತಂದುಕೊಟ್ಟ. ಹೆಸರು ಕೇಳಿದರೆ ಯಾರಿಗಾದರೂ ನಗು ಬರಬಹುದು. ಹಾಕಿ ಕೇಳಿದಾಗ ತಮಾಷೆ ಅಲ್ಲಿಗೇ ನಿಂತಿತು. ತಾನು ಹಿಡಿದ ಅದೇ ವಾದ್ಯ, ಆದರೆ ತನಗೆ ಕಲಿಸಿದವರಾರೂ ಅದರಿಂದ ಹೀಗೆ ನುಡಿಸಬಹುದೆಂದು ಹೇಳಿರಲಿಲ್ಲ. ತನ್ನ ಹಿರಿಯರ ನೆಲದ ಸಂಗೀತ ತನ್ನ ಕೈಯಲ್ಲಿರುವ ವಾದ್ಯದಲ್ಲೇ ಬಂದು ಎದುರು ನಿಂತಿತ್ತು.

ಮುಂದೆ ಅವರು ಗುಗೆನ್‌ಹೈಮ್ ಫೆಲೋಶಿಪ್ ಪಡೆದು ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು, ಕದ್ರಿಯವರ ಬಳಿಗೆ ಬಂದರು, ಜೊತೆಗೆ ನುಡಿಸಿದರು. 2008ರಲ್ಲಿ 'ಕಿನ್ಸ್‌ಮೆನ್' ಬಂತು. ಎರಡು ಆಲ್ಟೊ ಸ್ಯಾಕ್ಸೋಫೋನ್, ಕನ್ಯಾಕುಮಾರಿಯವರ ಪಿಟೀಲು, ರೆಝ್ ಅಬ್ಬಾಸಿಯವರ ಗಿಟಾರು, ಪೂವಲೂರ್ ಶ್ರೀಜಿಯವರ ಮೃದಂಗ, ಅದರ ಜೊತೆಗೆ ಡ್ರಮ್ಸ್, ಬಾಸ್. ಇದನ್ನು ಕೇಳುವಾಗ ಗಮನಿಸಿ. ಇಬ್ಬರದೂ ಒಂದೇ ವಾದ್ಯವಾದರೂ ಯಾರು ಯಾರೆಂದು ಗುರುತಿಸಲು ಬಹಳ ಹೊತ್ತು ಬೇಕಿಲ್ಲ. ಕದ್ರಿಯವರ ಸ್ವರಕ್ಕೆ ಅಂಚಿಲ್ಲ, ಒಂದರಿಂದ ಇನ್ನೊಂದಕ್ಕೆ ಜಾರಿ ಹೋಗುತ್ತದೆ. ಮಹಾಂತಪ್ಪನವರದು ಕೆತ್ತಿದಂಥ ಚೂಪು. ಕೇಳುತ್ತ ಹೋದಂತೆ ಇಬ್ಬರೂ ಒಬ್ಬರನ್ನೊಬ್ಬರು ಕಡ ತೆಗೆದುಕೊಳ್ಳತೊಡಗುತ್ತಾರೆ. ನಡುನಡುವೆ ಬರುವ ಪುಟ್ಟ ಆಲಾಪಗಳಲ್ಲಿ ಜಾಝ್ ಕಲಾವಿದರೂ ತಾಳದ ಹಂಗಿಲ್ಲದೆ ಒಬ್ಬರೇ ನಿಂತು ನುಡಿಸುತ್ತಾರೆ. ಸಮ್ಮಿಳನ ಎಂದು ಹೆಸರಿಟ್ಟುಕೊಂಡು ತಬಲಾದ ಮೇಲೆ ಗಿಟಾರ್ ಹೇರಿದ ಎಷ್ಟೋ ಆಲ್ಬಂಗಳಿವೆ. ಅವು ನನಗೆ ರುಚಿಸುವುದಿಲ್ಲ. ಇದು ಹಾಗಲ್ಲ. ಇಲ್ಲಿ ಎರಡೂ ಕಡೆಯವರು ತಮ್ಮ ಮನೆ ಬಿಟ್ಟು ಒಂದಷ್ಟು ದೂರ ನಡೆದಿದ್ದಾರೆ.

ಕರ್ನಾಟಕದವರಾದ ನಾವು 'ಕಿನ್ಸ್‌ಮೆನ್' ಅನ್ನು ಎಷ್ಟು ಕೇಳಿದ್ದೇವೆ? ಕದ್ರಿಯವರ ಕಚೇರಿಗೆ ಊಟ ಬಿಟ್ಟು ಹೋದವರು ಇದ್ದಾರೆ. ಅವರಲ್ಲಿ ಬಹುಮಂದಿಗೆ ಈ ಆಲ್ಬಂ ಇದೆ ಎಂಬುದೇ ತಿಳಿದಿಲ್ಲ. ಅಂಗಡಿಯಲ್ಲಿ ಇದನ್ನು ಜಾಝ್ ಕಪಾಟಿಗೆ ಇಟ್ಟರು. ನಾವು ಆ ಕಪಾಟಿನ ಹತ್ತಿರ ಹೋಗುವವರಲ್ಲ. 2019ರ ಅಕ್ಟೋಬರಿನಲ್ಲಿ ಕದ್ರಿಯವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಇದರ ಹೆಸರು ಇನ್ನಷ್ಟು ಕಡೆ ಬರಬೇಕಿತ್ತು ಎಂಬ ನೋವು ನನಗಿದೆ.

ಗೊತ್ತಿಲ್ಲದ ಪ್ರಕಾರಕ್ಕೆ ಹೋಗುವುದು ಹೇಗೆ ಎಂದು ತರುಣರು ಕೇಳುತ್ತಾರೆ. ನಿಮ್ಮ ಕಿವಿಗೆ ಈಗಾಗಲೇ ಬರುವುದನ್ನು ಹಿಡಿದುಕೊಂಡು ಹೋಗಿ ಎನ್ನುತ್ತೇನೆ. 1959ರ ಆಗಸ್ಟ್ 17ರಂದು ಬಿಡುಗಡೆಯಾದ, ಜಾಝ್ ಕಲಾವಿದ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಆಲ್ಬಂನ ಮೊದಲ ರಚನೆ 'ಸೋ ವಾಟ್'. ಅದು ನಿಂತಿರುವ ಸ್ವರಶ್ರೇಣಿ ನಮ್ಮ ಖರಹರಪ್ರಿಯದ್ದೇ, ಹಿಂದುಸ್ತಾನಿಯ ಕಾಫಿ ಥಾಟ್. ಮೇಳ ಗೊತ್ತಿರುವವರಿಗೆ ಅಲ್ಲಿ ಕಾಲೂರಲು ಜಾಗ ಸಿಕ್ಕಿತು. ಹದಿನಾರು ಆವರ್ತ ನೆಮ್ಮದಿಯಾಗಿ ಕೂತಿರುತ್ತೇವೆ. ಆಗ ಇಡೀ ಶ್ರೇಣಿ, ಷಡ್ಜವೂ ಸೇರಿ, ಅರ್ಧ ಸ್ವರ ಮೇಲಕ್ಕೆ ಹೋಗಿ ಕೂರುತ್ತದೆ. ಗ್ರಹಭೇದದಲ್ಲಿ ಸ್ವರಗಳು ಇದ್ದಲ್ಲೇ ಇದ್ದು ಆಧಾರ ಬದಲಾಗುತ್ತದೆ. ಇಲ್ಲಿ ತಂಬೂರಿಯನ್ನೇ ಎತ್ತಿ ಮೇಲಿಟ್ಟ ಹಾಗೆ. ಎಂಟು ಆವರ್ತ ಅಲ್ಲಿದ್ದು ಮತ್ತೆ ಕೆಳಗಿಳಿಯುತ್ತದೆ. ಶ್ರುತಿ ಅಲುಗದೆ ನಿಲ್ಲುವ ಸಂಗೀತದಲ್ಲಿ ಬೆಳೆದ ಕಿವಿಗೆ ಆ ಕ್ಷಣ ಎದೆ ಧಸಕ್ಕೆನ್ನುತ್ತದೆ. ಜಾಝ್‌ನಲ್ಲೇ ಬೆಳೆದವರಿಗೆ ಈ ಬೆರಗು ಇಷ್ಟು ತೀವ್ರವಾಗಿ ಆಗಲಾರದು. ಹೊರಗಿನಿಂದ ಬಂದ ಕೇಳುಗನಿಗೆ ಸಿಗುವ ಒಂದು ಸುಖ ಇದು.

ಇದೇ ಮಾತು ತಿರುಗಿಯೂ ನಿಜ. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಶರೀಫರ ತತ್ವಪದಗಳನ್ನು ಗಿಟಾರು, ಡ್ರಮ್ಸ್ ಜೊತೆ ತಂದಾಗ ಮನೆಗಳಲ್ಲಿ ವಾದವೇ ಆಯಿತು. ಹಿರಿಯರ ಕಿವಿಯಲ್ಲಿ ಅಶ್ವತ್ಥರ ಶರೀಫ ಗಟ್ಟಿಯಾಗಿ ಕೂತಿದ್ದ. ಕಾಲೇಜಿನ ಮಕ್ಕಳಿಗೆ ಶರೀಫ ಎಂಬ ಕವಿ ಇದ್ದಾನೆಂದು ಗೊತ್ತಾದದ್ದೇ ಈ ಆಲ್ಬಂನಿಂದ. ನನಗನ್ನಿಸುವುದು, ತತ್ವಪದ ಏಕತಾರಿಯ ಮೇಲೂ ನಿಂತಿತು, ಹಾರ್ಮೋನಿಯಂ ಮೇಲೂ ನಿಂತಿತು, ಗಿಟಾರಿನ ಮೇಲೂ ನಿಂತಿತು ಎಂದರೆ ಅದರ ಬಲ ಎಷ್ಟಿರಬೇಕು! 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ರಘು ದೀಕ್ಷಿತ್ ಹಾಡಿದಾಗ ಪಂಚೆ, ಗೆಜ್ಜೆಯ ಆ ತಂಡವನ್ನು ಒಂದಕ್ಷರ ಕನ್ನಡ ಬಾರದ ಬ್ರಿಟನ್ನಿನವರು ಹೊಸ ಸಂಗೀತವೆಂದೇ ಕೇಳಿದರು.

ಹೊಸದು ಎಂದರೆ ನಿನ್ನೆ ಮುದ್ರಿಸಿದ್ದೇ ಆಗಬೇಕಿಲ್ಲ. ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ 1963ರ ಮಾರ್ಚ್ 6ರಂದು ನುಡಿಸಿದ ಒಂದಿಡೀ ಆಲ್ಬಂನ ಮೂಲ ಟೇಪು ಕಳೆದುಹೋಗಿತ್ತು. ಮೊದಲ ಪತ್ನಿಯ ಕುಟುಂಬದಲ್ಲಿ ಉಳಿದಿದ್ದ ಪ್ರತಿಯೊಂದರಿಂದ 2018ರ ಜೂನಿನಲ್ಲಿ ಅದು ಬಿಡುಗಡೆಯಾಯಿತು. 1967ರಲ್ಲಿ ತೀರಿಹೋದ ಕಲಾವಿದನ ಹೊಸ ಆಲ್ಬಂ! ಬಿಡುಗಡೆಯ ದಿನ ಅದನ್ನು ಕೇಳಿದವರೆಲ್ಲರೂ ಮೊದಲ ಕೇಳುಗರೇ.

ಮೊದಲ ಕೇಳುಗರು ಸಿಗದೇ ಹೋದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ದೇಶದಲ್ಲೇ ಸಾಕ್ಷಿಯಿದೆ. ಮುಂಬೈ ಸಿನಿಮಾ ಸ್ಟುಡಿಯೊಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರ್ ಮತ್ತು ಡ್ರಮ್ ಯಂತ್ರದ ಮೇಲೆ ಡಿಸ್ಕೊ ಲಯಕ್ಕೆ ನುಡಿಸಿ ಎಚ್‌ಎಂವಿಯಿಂದ ಒಂದು ಆಲ್ಬಂ ತಂದರು. ಶಾಸ್ತ್ರೀಯದವರು ಡಿಸ್ಕೊ ಎಂದು ಬಿಟ್ಟರು, ಡಿಸ್ಕೊದವರು ರಾಗ ಎಂದು ಬಿಟ್ಟರು. 2010ರಲ್ಲಿ ಯುರೋಪಿನವರು ಅದನ್ನು ಮರುಮುದ್ರಿಸಿದಾಗ ಜಗತ್ತು ಬೆಚ್ಚಿತು. ಅವರು ಬಳಸಿದ ರೋಲ್ಯಾಂಡ್ ಕಂಪನಿಯ ಅವೇ ಯಂತ್ರಗಳಿಂದ ಅಮೆರಿಕದ ಶಿಕಾಗೊದಲ್ಲಿ ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತ ಹುಟ್ಟಿದ್ದು ಅವರ ಆಲ್ಬಂ ಬಂದು ಕೆಲವು ವರ್ಷಗಳಾದ ಮೇಲೆ. ಎಪ್ಪತ್ತು ದಾಟಿದ ಮೇಲೆ ಆ ಮನುಷ್ಯ ವಿದೇಶದ ವೇದಿಕೆಗಳಲ್ಲಿ ಅದನ್ನು ನುಡಿಸಿದರು. 1982ರಲ್ಲಿ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಒಂದು ಹಿಡಿ ಜನ ಕಿವಿ ತೆರೆದು ಕೂತಿದ್ದರೆ ಅವರ ನಡುವಯಸ್ಸು ಬೇರೆಯೇ ಆಗಿರುತ್ತಿತ್ತು. ಕೇಳುಗನಿಗೂ ಹೊಣೆ ಇದೆ ಎಂದು ನಾನು ಹೇಳುವುದು ಇದಕ್ಕೇ.

ಇವತ್ತು ಆ ಹೊಣೆ ಇನ್ನೂ ಹೆಚ್ಚಿದೆ. ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ಸ್ಪಾಟಿಫೈನಲ್ಲಿ ಒಂದು ಹಾಡನ್ನು 30 ಸೆಕೆಂಡಾದರೂ ಕೇಳಿದರೆ ಮಾತ್ರ ಅದು ಒಂದು ಸಲ ಕೇಳಿದಂತೆ. ಹೀಗಾಗಿ ಮೊದಲ 30 ಸೆಕೆಂಡಿನಲ್ಲೇ ಕಿವಿ ಹಿಡಿದೆಳೆಯುವ ಹಾಡುಗಳು ಹೆಚ್ಚಾದವು. ನಿಧಾನವಾಗಿ ಷಡ್ಜ ಹಚ್ಚಿ, ಮಂದ್ರಕ್ಕೆ ಇಳಿದು ಬರುವ ಆಲಾಪಕ್ಕೆ ಆ ಗಡುವು ಸಾಲುವುದಿಲ್ಲ. 2024ರಿಂದ ಇನ್ನೊಂದು ನಿಯಮ. ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಬಿಡಿಗಾಸೂ ಇಲ್ಲ. ದೊಡ್ಡ ಸಿನಿಮಾ ಹಾಡಿಗೆ ಇದು ಗಂಟೆಯ ಮಾತು. ಆದರೆ ಶಿರಸಿಯಲ್ಲಿ ಕೂತು ಸ್ವಂತ ಖರ್ಚಿನಿಂದ ವಚನಗಳಿಗೆ ರಾಗ ಹಾಕಿ ಬಿಡುಗಡೆ ಮಾಡಿದವರಿಗೆ, ಕಲಬುರಗಿಯ ರ‍್ಯಾಪ್ ಹುಡುಗನಿಗೆ, ಹೊಸದಾಗಿ ಪಲ್ಲವಿ ಕಟ್ಟಿದ ವಿದುಷಿಗೆ ಆ ಸಾವಿರ ಎಂಬುದು ದೊಡ್ಡ ಹೊಸ್ತಿಲು. ನೀವು ಒಬ್ಬರು ಪೂರ್ತಿ ಕೇಳಿದರೆ, ಇನ್ನೊಬ್ಬರಿಗೆ ಕಳಿಸಿದರೆ ಅದು ಎಣಿಕೆಗೆ ಬರುತ್ತದೆ. ಬ್ಯಾಂಡ್‌ಕ್ಯಾಂಪ್‌ನಂಥ ತಾಣಗಳಲ್ಲಿ ಕಲಾವಿದರಿಂದಲೇ ನೇರ ಕೊಳ್ಳಬಹುದು. ಒಂದು ಕ್ಯಾಸೆಟ್ಟಿಗೆ ಅಂದು ಕೊಟ್ಟ ದುಡ್ಡನ್ನು ಇಂದಿನ ಬೆಲೆಗೆ ಲೆಕ್ಕ ಹಾಕಿ ಕೊಟ್ಟರೆ ಸಾಕು.

ಇನ್ನು ಶಿಫಾರಸು ಮಾಡುವ ಯಂತ್ರ. ಅದು ನಾವು ಕೇಳಿದ್ದನ್ನು ನೋಡಿ ಅದರಂಥದ್ದನ್ನೇ ಮುಂದಿಡುತ್ತದೆ. ಭೀಮಸೇನ ಜೋಶಿಯವರನ್ನು ಕೇಳಿದವರಿಗೆ ಬಸವರಾಜ ರಾಜಗುರು ಸಿಗುತ್ತಾರೆ, ಬಹಳ ಒಳ್ಳೆಯದೇ. ಆದರೆ ಅದು ಭೀಮಸೇನರ ಅಭಿಮಾನಿಯನ್ನು ಕರೆದುಕೊಂಡು ಹೋಗಿ ಮೆಟಲ್ ಬ್ಯಾಂಡಿನ ಮುಂದೆ ಕೂರಿಸುವುದಿಲ್ಲ. ಅದನ್ನು ಮಾಡಬಲ್ಲವರು ಸ್ನೇಹಿತರು, ಮಕ್ಕಳು, ತಮಾಷೆಗೆ ಡಿಸ್ಕು ತಂದುಕೊಡುವ ಅಣ್ಣಂದಿರು.

ಅದಕ್ಕೇ ನನ್ನದೊಂದು ಬೇಡಿಕೆ. ಈ ದತ್ತಿಯನ್ನು ಇಟ್ಟವರಿಗೂ ಸಮಿತಿಗೂ ಒಟ್ಟಿಗೆ ಹೇಳುತ್ತಿದ್ದೇನೆ. ಈ ಸಭಾಂಗಣದಲ್ಲಿ ತಿಂಗಳಿಗೊಂದು ಸಂಜೆ ಒಂದು ಹೊಸ ಆಲ್ಬಂ ಇಡೀ ಕೇಳುವ ಬೈಠಕ್ ಶುರುವಾಗಲಿ. ರಾಮನವಮಿಯ ಪೆಂಡಾಲಿನಲ್ಲಿ ಮೂರು ಗಂಟೆ ಅಲುಗದೆ ಕೂರುವವರು ನಾವು. ಒಂದು ಆಲ್ಬಂಗೆ ಮುಕ್ಕಾಲು ಗಂಟೆ ಹೆಚ್ಚಲ್ಲ. ಹಾಡಿಸುವ ಮೊದಲು ಪರಿಚಯ ಭಾಷಣ ಬೇಡ. ಯಾರು ನುಡಿಸಿದ್ದಾರೆ, ಎಲ್ಲಿ ಮುದ್ರಣವಾಯಿತು ಎಂಬ ಒಂದು ಹಾಳೆ, ಹಳೆಯ ಕ್ಯಾಸೆಟ್ಟಿನ ಒಳಹಾಳೆಯಂಥದ್ದು, ಎಲ್ಲರ ಕೈಗೂ ಸಿಗಲಿ. ಫೋನುಗಳು ಆಚೆ ಇರಲಿ. ಮುಗಿದ ಮೇಲೆ ಮೊದಲು ಮಾತಾಡುವವರು ಆ ಪ್ರಕಾರ ಗೊತ್ತಿಲ್ಲದವರಾಗಿರಲಿ, ಬಲ್ಲವರು ಆಮೇಲೆ ಹೇಳಲಿ. ಕೇಳಿದ್ದರ ಬಗ್ಗೆ ಒಬ್ಬರಾದರೂ ಒಂದು ಪುಟ ಕನ್ನಡದಲ್ಲಿ ಬರೆಯಲಿ. ಕ್ಯಾಸೆಟ್ ವಿಮರ್ಶೆಗೆಂದು ನಮ್ಮ ಪತ್ರಿಕೆಗಳಲ್ಲಿ ಜಾಗವಿದ್ದ ಕಾಲವೊಂದಿತ್ತು, ಆಲ್ಬಂ ಬಗ್ಗೆ ಕನ್ನಡದಲ್ಲಿ ಬರೆಯುವವರು ಈಗ ತೀರ ಕಡಿಮೆಯಾಗಿದ್ದಾರೆ.

ಮೊದಲ ಸಂಜೆಗೆ ವಾರಿಜಶ್ರೀ ವೇಣುಗೋಪಾಲ್ ಅವರ 'ವಾರಿ' ಇಡೋಣ. ಬೆಂಗಳೂರಿನ ಈ ಗಾಯಕಿ ಕೊಳಲನ್ನೂ ಬಲ್ಲವರು, ಕರ್ನಾಟಕ ಸಂಗೀತದಲ್ಲಿ ಪಳಗಿದವರು. ಸ್ನಾರ್ಕಿ ಪಪ್ಪಿ ತಂಡದ ಮೈಕೆಲ್ ಲೀಗ್ ನಿರ್ಮಿಸಿ 2024ರಲ್ಲಿ ಹೊರತಂದ ಆಲ್ಬಂ ಅದು. ಸ್ವರ ಹಾಡುತ್ತಲೇ ಅವರ ಕಂಠ ಹೇಗೆ ವಾದ್ಯಗಳ ಸಾಲಿಗೆ ಹೋಗಿ ಸೇರುತ್ತದೆ ಎಂಬುದನ್ನು ಇಲ್ಲಿನ ಸಂಗೀತ ವಿದ್ಯಾರ್ಥಿಗಳು ಕೇಳಬೇಕು. ಎರಡನೆಯ ತಿಂಗಳಿಗೆ 'ಕಿನ್ಸ್‌ಮೆನ್'. ಅದು ಹಳೆಯದಾಯಿತಲ್ಲ ಎನ್ನುವವರಿಗೆ, ಈ ಊರಿನ ಕಿವಿಗೆ ಅದು ಇನ್ನೂ ಬಿಡುಗಡೆಯೇ ಆಗಿಲ್ಲ ಎಂದು ಹೇಳುತ್ತೇನೆ. ಮೂರನೆಯದಕ್ಕೆ ಬೆಂಗಳೂರಿನದೇ ಮೆಟಲ್ ತಂಡ ಕ್ರಿಪ್ಟೋಸ್, 2024ರ 'ಡೆಸಿಮೇಟರ್'. 1998ರಿಂದ ನಮ್ಮ ನಗರದಲ್ಲೇ ಇದ್ದು ಯುರೋಪಿನ ವೇದಿಕೆಗಳವರೆಗೂ ಹೋಗಿ ಬಂದ ತಂಡವನ್ನು ಈ ಸಭೆಯ ಹಿರಿಯರು ಒಮ್ಮೆಯೂ ಕೇಳಿರಲಾರರು. ಅವತ್ತು ಸ್ಪೀಕರ್ ಜೋಡಿಸುವ, ಸದ್ದು ಎಷ್ಟಿರಬೇಕೆಂದು ಹೇಳುವ ಕೆಲಸವನ್ನು ನಿಮ್ಮ ಮೊಮ್ಮಕ್ಕಳಿಗೆ ಬಿಡಿ. ನಾಲ್ಕನೆಯ ತಿಂಗಳಿಗೆ ಏನು ಕೇಳಬೇಕೆಂದು ಅವರೇ ಆರಿಸಲಿ, ಆ ವಾರ ಬಂದದ್ದರಲ್ಲೇ ಒಂದನ್ನು.